ನಿಂತ ಗಾಡಿಯ ಕಾಯಿಲೆಗಳು

ಹದಿನೈದಿಪ್ಪತ್ತು ವರ್ಷ ಕೊಟ್ಟಿಗೆಯಲ್ಲೋ ಕಾರ್ ಶೆಡ್ಡಿನ ಮೂಲೆಯಲ್ಲೋ ಬಿದ್ದಿದ್ದ ಜಾವಾ ಅಥವಾ ಯೆಜ್ಡಿಯನ್ನು ಹೊರಗೆಳೆದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಇದಕ್ಕೆ ಈಗ ಪಾರ್ಟ್ಸ್ ಸಿಗುವುದಿಲ್ಲ ಎನ್ನುವುದು ಒಂದು. ಇದನ್ನು ಬಲ್ಲ ಆ ಕಾಲದ ಮೆಕ್ಯಾನಿಕ್ಕುಗಳು ಈಗ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಸುಳ್ಳು. ಎರಡನೆಯದು ಅರ್ಧ ಮಾತ್ರ ನಿಜ. ಮೈಸೂರಿನಲ್ಲಿ ಈ ಕಸುಬು ಬೆಳೆದು, ಬಾಡಿ, ಮತ್ತೆ ಬೇರೆ ರೂಪದಲ್ಲಿ ಚಿಗುರಿದ್ದನ್ನು ನೋಡುತ್ತ ಬಂದವರಲ್ಲಿ ನಾನೂ ಒಬ್ಬ. ನನಗೆ ತೋರುವುದೇನೆಂದರೆ, ಬಿಡಿಭಾಗಕ್ಕಿಂತ, ಕೆಲಸಗಾರನಿಗಿಂತ ಹೆಚ್ಚಾಗಿ ಬದಲಾದದ್ದು ಗಾಡಿಗೆ ಬರುವ ಕಾಯಿಲೆ. ಆಗ ಗಾಡಿಗಳು ಓಡಿ ಓಡಿ ಕೆಡುತ್ತಿದ್ದವು, ಈಗ ಓಡದೆ ಕೆಟ್ಟು ಬರುತ್ತವೆ. ಸವೆತವನ್ನು ಗುಣಪಡಿಸಲು ಹುಟ್ಟಿದ ವಿದ್ಯೆಯನ್ನು ಹಾಗೆಹಾಗೇ ನಿಂತ ಗಾಡಿಯ ಮೇಲೆ ಪ್ರಯೋಗಿಸಿದರೆ ಆಗುವ ಹಾನಿ ಸಣ್ಣದಲ್ಲ. ಅದನ್ನು ಬಿಟ್ಟು ಎಲ್ಲವನ್ನೂ ಬಿಚ್ಚಿ ಹೊಳಪು ಕೊಡುವ ಈಗಿನ ಪದ್ಧತಿಯೂ ಆ ಹಾನಿಯನ್ನು ತಪ್ಪಿಸುತ್ತಿಲ್ಲ.

ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬದ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು 1961ರಲ್ಲಿ ಮೋಟಾರ್ ಸೈಕಲ್ ತಯಾರಿಸತೊಡಗಿತು. ಎಪ್ಪತ್ತರ ದಶಕದ ಆರಂಭದಲ್ಲಿ ಟ್ಯಾಂಕಿನ ಮೇಲಿನ ಹೆಸರು ಜಾವಾ ಹೋಗಿ ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೂವತ್ತೈದು ವರ್ಷಗಳ ಈ ಅವಧಿಯಲ್ಲಿ ಎಂಜಿನ್ನಿನ ಮೂಲ ವಿನ್ಯಾಸ ಹೆಚ್ಚು ಬದಲಾಗಲೇ ಇಲ್ಲ. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಸುಮಾರು 250 ಸಿ.ಸಿ.ಯ ಒಂದೇ ಸಿಲಿಂಡರು, ಅದರಿಂದ ಹೊರಡುವ ಎರಡು ಸೈಲೆನ್ಸರು, ಗೇರಿಗೂ ಕಿಕ್ಕಿಗೂ ಒಂದೇ ಲಿವರು. ಆ ಲಿವರನ್ನು ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್ಕರು, ಹಾಗೇ ಬಿಟ್ಟರೆ ಗೇರು. ಮೇಲಾಗಿ ಗೇರು ತುಳಿದಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡು. ಟೂ ಸ್ಟ್ರೋಕ್ ಆದ್ದರಿಂದ ವಾಲ್ವಿಲ್ಲ, ಟ್ಯಾಪೆಟ್ಟಿಲ್ಲ, ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಪಂಪೂ ಇಲ್ಲ. ಲೀಟರ್ ಪೆಟ್ರೋಲಿಗೆ 40 ಮಿ.ಲೀ.ನಷ್ಟು ಆಯಿಲ್ ಬೆರೆಸಿ ಟ್ಯಾಂಕಿಗೆ ಸುರಿದರೆ ಮುಗಿಯಿತು. ಈ ಸರಳತೆಯೇ ಬೀದಿಬದಿಯ ಗ್ಯಾರೇಜನ್ನು ಬೆಳೆಸಿತು. ಕೈಯಲ್ಲಿ ಎಂಟು ಹತ್ತು ಸ್ಪ್ಯಾನರು, ಒಂದು ಸುತ್ತಿಗೆ, ಒಂದು ಪುಲ್ಲರು ಇದ್ದವನು ಮರದ ನೆರಳಲ್ಲಿ ಕೂತು ಇಡೀ ಎಂಜಿನ್ನನ್ನು ಬಿಚ್ಚಿ ಜೋಡಿಸಬಹುದಿತ್ತು, ಜೋಡಿಸುತ್ತಲೂ ಇದ್ದರು. ಕಾರ್ಖಾನೆ ಊರಲ್ಲೇ ಇದ್ದದ್ದರಿಂದ ಮೈಸೂರಿನ ಗ್ಯಾರೇಜುಗಳಿಗೆ ಬೇರೆ ಊರಿನವರಿಗಿಲ್ಲದ ಒಂದು ಗತ್ತೂ ಇತ್ತು.

ಆ ಗ್ಯಾರೇಜಿನ ವಿದ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ. ಅದರ ಮುಖ್ಯ ಉಪಕರಣ ಕಿವಿ. ಓಡುತ್ತಿರುವ ಎಂಜಿನ್ನಿನ ಕೇಸಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಮೇನ್ ಬೇರಿಂಗಿನ ಗೊರಗೊರ ಬೇರೆ, ಕನೆಕ್ಟಿಂಗ್ ರಾಡಿನ ಟಕಟಕ ಬೇರೆ, ಪಿಸ್ಟನ್ ಸಡಿಲಾದ ಸದ್ದು ಬೇರೆ. ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡಿ, ಕಂದಾಗಿದ್ದರೆ ಸರಿ, ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲುತ್ತಿಲ್ಲ ಎಂದು ತೀರ್ಮಾನಿಸುತ್ತಿದ್ದರು. ಎಳೆತ ಕಡಿಮೆಯಾದ ಗಾಡಿ ಬಂದರೆ ಮೊದಲು ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು ಗಾಳಿಯ ಒತ್ತಡ ನೋಡುವುದು, ಕಟ್ಟಿಕೊಂಡಿದೆ ಎನಿಸಿದರೆ ಒಳಗಿನ ಬ್ಯಾಫಲ್ ಎಳೆದು ಸೀಮೆಎಣ್ಣೆ ಸುರಿದು ಸುಡುವುದು, ಎಕ್ಸಾಸ್ಟ್ ಪೋರ್ಟಿನ ಕಾರ್ಬನ್ನನ್ನು ಮೊಂಡು ಸ್ಕ್ರೂಡ್ರೈವರಿನಿಂದ ಕೆರೆಯುವುದು. ಪಿಸ್ಟನ್ ಹಿಡಿದುಕೊಂಡು ಬಂದರೆ ಬೋರ್ ಮಾಡಿಸಿ, ಕಾಲು ಮಿಲಿಮೀಟರು ದೊಡ್ಡ ಪಿಸ್ಟನ್ ಹಾಕಿ ಕಳಿಸುವುದು. ಇವೆಲ್ಲ ದಿನನಿತ್ಯದ ಬಳಕೆಯಿಂದ ಬಂದ ಸವೆತದ ಕಾಯಿಲೆಗಳು. ಗಮನಿಸಬೇಕಾದ ಸಂಗತಿ ಒಂದಿದೆ: ಈ ಪರೀಕ್ಷೆಗಳಲ್ಲಿ ಪ್ರತಿಯೊಂದೂ ಗಾಡಿ ಓಡುತ್ತಿರುವುದನ್ನು, ಅಥವಾ ನಿನ್ನೆ ಮೊನ್ನೆಯವರೆಗೆ ಓಡಿದ್ದನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಇಪ್ಪತ್ತು ವರ್ಷ ತಿರುಗದ ಎಂಜಿನ್ನಿಗೆ ಕಿವಿಗೊಟ್ಟರೆ ಏನು ಕೇಳೀತು? ಅದರ ಪ್ಲಗ್ಗಿನ ಬಣ್ಣ ಎರಡು ದಶಕದ ಹಿಂದಿನ ಸುದ್ದಿ.

ಗಾಡಿಗಳು ನಿಂತದ್ದು ಯಾಕೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಮೇಲೆ ಅದು ಕೊಡುವ ಮೈಲೇಜಿನ ಅರ್ಧವನ್ನೂ ಯೆಜ್ಡಿ ಕೊಡುವುದಿಲ್ಲ ಎಂಬ ಲೆಕ್ಕ ಮನೆಮನೆಗೂ ತಲುಪಿತು. ಕಾರ್ಖಾನೆ ಮುಚ್ಚಿದ ಮೇಲಂತೂ ಮಾರಲು ಹೋದರೆ ಗುಜರಿಯ ಬೆಲೆ. ಹಾಗಾಗಿ ಬಹಳಷ್ಟು ಗಾಡಿಗಳನ್ನು ಯಾರೂ ಯೋಚಿಸಿ ನಿಲ್ಲಿಸಲಿಲ್ಲ. ಯಾವುದೋ ಸಣ್ಣ ರಿಪೇರಿಗೆಂದು ಒಂದು ದಿನ ನಿಂತದ್ದು ಮತ್ತೆ ಹೊರಡಲೇ ಇಲ್ಲ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು, ಕಾರ್ಬೊರೇಟರಿನ ಬಟ್ಟಲಲ್ಲಿ ಆಯಿಲ್ ಬೆರೆತ ಪೆಟ್ರೋಲು, ಗೇರ್ ಬಾಕ್ಸಿನಲ್ಲಿ ಹಳೆಯ ಆಯಿಲ್ಲು, ಒಂದು ಟೈರು ಪಂಚರು. ಈ ಅಜಾಗರೂಕ ನಿಲುಗಡೆಯೇ ಮುಂದಿನ ಎಲ್ಲ ತೊಂದರೆಯ ಮೂಲ.

ಟೂ ಸ್ಟ್ರೋಕ್ ಎಂಜಿನ್ನು ನಿಂತರೆ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ವಾದವೆಲ್ಲ ನಿಂತಿರುವುದು ಇದರ ಮೇಲೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕಿನ ಅಡಿಯಲ್ಲಿ ಆಯಿಲ್ಲಿನ ಸಂಗ್ರಹವಿರುತ್ತದೆ. ಜಾವಾದ ಕ್ರ್ಯಾಂಕಿಗೆ ಆ ಭಾಗ್ಯವಿಲ್ಲ. ಅದರ ಬೇರಿಂಗುಗಳು ಬದುಕುವುದು ಒಳಕ್ಕೆ ಬರುವ ಪೆಟ್ರೋಲ್ ಮಂಜಿನ ಜೊತೆ ತೂರಿಬರುವ ಎಣ್ಣೆಯ ಹನಿಗಳಿಂದ. ಗಾಡಿ ಓಡುತ್ತಿರುವಷ್ಟು ಹೊತ್ತು ಈ ಪೂರೈಕೆ ನಿಲ್ಲುವುದಿಲ್ಲ. ನಿಂತ ಕ್ಷಣದಿಂದ ಹೊಸ ಹನಿ ಬರುವುದಿಲ್ಲ. ಪೆಟ್ರೋಲು ಆವಿಯಾಗುತ್ತದೆ, ಉಳಿದ ತೆಳು ಎಣ್ಣೆ ನಿಧಾನವಾಗಿ ಕೆಳಗಿಳಿದು ಕೇಸಿನ ತಳದಲ್ಲಿ ಜಿಗುಟಾಗಿ ಕೂರುತ್ತದೆ, ಬೇರಿಂಗಿನ ಮೇಲ್ಭಾಗದ ಗುಂಡುಗಳು ಬರಿಗೈಯಾಗುತ್ತವೆ. ಇನ್ನು ಪಿಸ್ಟನ್ ಎಲ್ಲಿ ನಿಂತಿತು ಎಂಬುದು ಶುದ್ಧ ಅದೃಷ್ಟ. ಕೆಳಗೆ ನಿಂತಿದ್ದರೆ ಎಕ್ಸಾಸ್ಟ್ ಪೋರ್ಟುಗಳು ತೆರೆದಿರುತ್ತವೆ. ಸೈಲೆನ್ಸರಿನ ಮೂಲಕ ಮಳೆಗಾಲದ ತೇವದ ಗಾಳಿ ವರ್ಷವರ್ಷವೂ ಸಿಲಿಂಡರಿನೊಳಕ್ಕೆ ಹೋಗಿ ಬಂದು ಮಾಡುತ್ತದೆ, ಎರಕದ ಕಬ್ಬಿಣದ ಬೋರಿನ ಮೇಲೆ ತುಕ್ಕು ಏಳುತ್ತದೆ, ರಿಂಗು ಅದರ ಚಡಿಯಲ್ಲೇ ಅಂಟುತ್ತದೆ. ಕ್ಲಚ್ಚಿನಲ್ಲಿ ಕಾರ್ಕಿನ ಪ್ಲೇಟುಗಳು ಉಕ್ಕಿನ ಪ್ಲೇಟುಗಳಿಗೆ ಕಚ್ಚಿಕೊಳ್ಳುತ್ತವೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳ ರಬ್ಬರು ಎಣ್ಣೆಯ ಸ್ಪರ್ಶವಿಲ್ಲದೆ ಒಣಗಿ ಗಡುಸಾಗಿ, ಶಾಫ್ಟನ್ನು ಹಿಡಿಯಬೇಕಾದ ತುಟಿ ಸುಮ್ಮನೆ ಅದರ ಮೇಲೆ ಒರಗಿರುತ್ತದೆ. ಇವುಗಳಲ್ಲಿ ಒಂದನ್ನೂ ಹೊರಗಿನಿಂದ ಕಾಣುವಂತಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಗಾಡಿಯ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಜಾವಾ ಅಂದರೆ ಕಬ್ಬಿಣ, ಹೊಸ ಪ್ಲಗ್ಗು ಹಾಕಿ, ಪಾಯಿಂಟ್ ಉಜ್ಜಿ, ಒಂದು ಲೀಟರು ಪೆಟ್ರೋಲು ಹೊಯ್ದರೆ ನಾಲ್ಕನೇ ಕಿಕ್ಕಿಗೆ ಹೊತ್ತಿಕೊಳ್ಳುತ್ತದೆ, ಇಷ್ಟೆಲ್ಲ ಭಯ ಯಾಕೆ ಎಂದು ಕೇಳುತ್ತಾರೆ. ಹೊತ್ತಿಕೊಳ್ಳುತ್ತದೆ, ನಿಜ. ಕಿಡಿ ಮತ್ತು ಕಂಪ್ರೆಷನ್ ಎರಡಿದ್ದರೆ ಸಾಕಾದ ಎಂಜಿನ್ನು ಅದು, ಅಂಥ ಎಷ್ಟೋ ವಿಡಿಯೋಗಳು ಜನರ ಫೋನುಗಳಲ್ಲಿ ಓಡಾಡುತ್ತಿವೆ. ತೊಂದರೆ ಇರುವುದೇ ಅಲ್ಲಿ. ಹೊತ್ತಿಕೊಂಡ ಎಂಜಿನ್ನು ಆರೋಗ್ಯವಾಗಿದೆ ಎಂಬ ನಂಬಿಕೆ ಸವೆತದ ಕಾಲದ್ದು. ಆಗ ಸ್ಟಾರ್ಟ್ ಆದದ್ದು ಸಾಮಾನ್ಯವಾಗಿ ಮನೆ ಮುಟ್ಟುತ್ತಿತ್ತು. ನಿಂತ ಗಾಡಿಯ ವಿಷಯದಲ್ಲಿ ಆ ಮೊದಲ ನಾಲ್ಕು ಕಿಕ್ಕೇ ಅತಿ ದುಬಾರಿ ಕಿಕ್ಕು. ಅಂಟಿದ ರಿಂಗು ಪೋರ್ಟಿನ ಅಂಚಿಗೆ ಸಿಕ್ಕಿ ಮುರಿಯಬಹುದು, ತುಕ್ಕಿನ ಪುಡಿ ಹೊಸ ಎಣ್ಣೆಯೊಡನೆ ಸೇರಿ ಅರೆಯುವ ಮಸಾಲೆಯಾಗಬಹುದು, ಗುಂಡಿ ಬಿದ್ದ ಬೇರಿಂಗು ಪೂರ್ತಿ ವೇಗದಲ್ಲಿ ಒಣಗಿಯೇ ತಿರುಗಬಹುದು. ಎಲ್ಲಕ್ಕಿಂತ ಮೋಸದ್ದು ಒಣಗಿದ ಸೀಲು. ಬಲಗಡೆ, ಡೈನಮೋ ಬದಿಯ ಸೀಲು ಸೋರಿದರೆ ಹೊರಗಿನ ಗಾಳಿ ಕ್ರ್ಯಾಂಕ್ ಕೇಸಿಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗುತ್ತದೆ. ಪೆಟ್ರೋಲು ಕಡಿಮೆಯೆಂದರೆ ಅದರೊಡನೆ ಬರುವ ಎಣ್ಣೆಯೂ ಕಡಿಮೆ. ಎಂಜಿನ್ನು ಇನ್ನಷ್ಟು ಚುರುಕಾಗಿ ತಿರುಗುತ್ತದೆ, ಸವಾರನಿಗೆ ಗಾಡಿ ಹುಮ್ಮಸ್ಸಿನಲ್ಲಿದೆ ಎನಿಸುತ್ತದೆ, ಬಿಸಿ ಏರುತ್ತ ಹೋಗಿ ಕೊನೆಗೆ ಹೆದ್ದಾರಿಯ ಮಧ್ಯೆ ಪಿಸ್ಟನ್ ಹಿಡಿದು ಹಿಂದಿನ ಚಕ್ರ ಕಟ್ಟುತ್ತದೆ. ಎಡಗಡೆಯ ಸೀಲು ಸೋರಿದರೆ ಅಷ್ಟು ಅಪಾಯವಿಲ್ಲ. ಗೇರ್ ಬಾಕ್ಸಿನ ಕಡೆಯ ಆಯಿಲ್ಲನ್ನು ಎಂಜಿನ್ನು ಹೀರಿಕೊಂಡು ದಟ್ಟ ಹೊಗೆ ಬಿಡುತ್ತದೆ, ಯಾರಾದರೂ ಗಮನಿಸುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ಪ್ಲಗ್ಗು ಬಿಚ್ಚಿ, ತೆಳುವಾದ ಎಣ್ಣೆಯನ್ನೋ ಡೀಸೆಲ್ ಬೆರೆಸಿದ ಎಣ್ಣೆಯನ್ನೋ ಆ ತೂತಿನಿಂದ ಬಿಟ್ಟು, ದಿನಗಟ್ಟಲೆ ಸುಮ್ಮನಿರಬೇಕು. ಆಮೇಲೆ ಕಿಕ್ಕರಿನ ತಂಟೆಗೆ ಹೋಗದೆ, ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಒಂದಿಷ್ಟು ಅಲ್ಲಾಡಿಸಿ ನೋಡಬೇಕು. ತಿರುಗಿದರೆ ಸಂತೋಷ, ತಿರುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಸೀಲಿನ ಪರೀಕ್ಷೆ ಅದಕ್ಕಿಂತ ಸ್ವಾರಸ್ಯದ್ದು. ಕಾರ್ಬೊರೇಟರ್ ಕೂರುವ ಬಾಯಿಯನ್ನೂ ಎರಡು ಎಕ್ಸಾಸ್ಟ್ ಬಾಯಿಗಳನ್ನೂ ರಬ್ಬರಿನಿಂದ ಬಿಗಿಯಾಗಿ ಮುಚ್ಚಿ, ಒಂದು ಸಣ್ಣ ನಳಿಕೆಯಿಂದ ಒಳಕ್ಕೆ ಗಾಳಿ ತುಂಬಿ, ಒತ್ತಡ ನಿಲ್ಲುತ್ತದೆಯೋ ಇಳಿಯುತ್ತದೆಯೋ ನೋಡುವುದು. ಇದಕ್ಕೆ ವೈದ್ಯರು ರಕ್ತದೊತ್ತಡ ನೋಡುವ ಬಲ್ಬು ಮತ್ತು ಮೀಟರೇ ಸಾಕು. ಅದರ 300 ಮಿ.ಮೀ. ಗುರುತು ಎಂದರೆ ಸುಮಾರು 0.4 ಬಾರ್, ಟೂ ಸ್ಟ್ರೋಕ್ ಕೇಸಿನ ಸೋರಿಕೆ ಪರೀಕ್ಷೆಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಮುಳ್ಳು ಕೆಲವು ನಿಮಿಷ ಅಲ್ಲಾಡದೆ ನಿಂತರೆ ಸೀಲು ಗಟ್ಟಿ. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕಬೇಕು. ಖರ್ಚು ಅತ್ಯಲ್ಪ, ಎಂಜಿನ್ನನ್ನು ಸೀಳುವ ಅಗತ್ಯವಿಲ್ಲ. ಆದರೂ ಎಂಬತ್ತರ ದಶಕದ ಬೀದಿಬದಿಯ ಗ್ಯಾರೇಜಿನಲ್ಲಿ ಈ ಪರೀಕ್ಷೆ ವಾಡಿಕೆಯಲ್ಲಿರಲಿಲ್ಲ. ಅವರಿಗೆ ತಿಳಿಯದು ಎಂದಲ್ಲ, ಬೇಕಾಗಿರಲಿಲ್ಲ. ದಿನಾ ಓಡುವ ಗಾಡಿಯ ಸೀಲು ಎಣ್ಣೆಯಲ್ಲೇ ನೆನೆದಿರುತ್ತಿತ್ತು. ಕೆಟ್ಟರೆ ಹೊಗೆಯೋ ಸದ್ದೋ ತಾನೇ ಹೇಳುತ್ತಿತ್ತು.

ಗಾಡಿ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆಯನ್ನು ಆ ಕಾಲದ ಗ್ಯಾರೇಜಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಈಗ ಮೊದಲು ಕೇಳಬೇಕಾದ್ದೇ ಅದು. ಕೊಡಗು, ಚಿಕ್ಕಮಗಳೂರಿನ ತೋಟದ ಶೆಡ್ಡಿನಿಂದ ಬಂದದ್ದಾದರೆ ತುಕ್ಕು ಮೊದಲ ಅನುಮಾನ: ಟ್ಯಾಂಕಿನ ಒಳಗೆ, ಬೇರಿಂಗಿನಲ್ಲಿ, ಚೈನ್ ಕವರಿನ ಮುಚ್ಚಿದ ಕತ್ತಲಲ್ಲಿ. ಬಳ್ಳಾರಿ, ರಾಯಚೂರಿನ ಒಣ ಬಿಸಿಲಲ್ಲಿ ನಿಂತದ್ದಾದರೆ ಕಬ್ಬಿಣ ಚೆನ್ನಾಗಿಯೇ ಇರುತ್ತದೆ, ರಬ್ಬರೆಲ್ಲ ಬಿರುಕು ಬಿಟ್ಟಿರುತ್ತದೆ, ವೈರಿನ ಹೊದಿಕೆ ಮುಟ್ಟಿದರೆ ಉದುರುತ್ತದೆ. ಕರಾವಳಿಯದ್ದಾದರೆ ಉಪ್ಪುಗಾಳಿಗೆ ಕ್ರೋಮು ಎದ್ದು, ಅಲ್ಯುಮಿನಿಯಂ ಮೇಲೆ ಬಿಳಿ ಹಿಟ್ಟು ಕೂತಿರುತ್ತದೆ. ಹಳ್ಳಿಯ ಕೊಟ್ಟಿಗೆಯದ್ದಾದರೆ ಏರ್ ಫಿಲ್ಟರಿನ ಡಬ್ಬದಲ್ಲಿ ಇಲಿಯ ಸಂಸಾರ, ಸೈಲೆನ್ಸರಿನ ಬಾಯಲ್ಲಿ ಕಣಜದ ಮಣ್ಣಿನ ಗೂಡು. ಈ ಗೂಡಿನ ವಿಷಯ ನಗುವಂಥದ್ದಲ್ಲ. ಒಣಗಿದ ಮಣ್ಣು ಬ್ಯಾಫಲಿನ ಸಂದಿಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ, ಅದನ್ನು ನೋಡದೆ ಕಾರ್ಬೊರೇಟರನ್ನು ಹತ್ತು ಸಲ ಬಿಚ್ಚಿ ತೊಳೆದವರುಂಟು.

ಟ್ಯಾಂಕಿನ ಮಾತಿಗೆ ಬಂದರೆ ಇಂಧನವೇ ಬದಲಾಗಿದೆ. ಹಳೆಯ ಪೆಟ್ರೋಲು ನಿಂತರೆ ಅಂಟಾಗುತ್ತಿತ್ತು, ಜೆಟ್ ಕಟ್ಟುತ್ತಿತ್ತು, ಅಷ್ಟೇ. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕಿನ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ರಿಸರ್ವಿಗೆ ತಿರುಗಿಸಿದ ನಲ್ಲಿ ಎಳೆದುಕೊಳ್ಳುವುದು ತಳದ್ದನ್ನು. ಅಂದರೆ ನಾಲ್ಕಾರು ತಿಂಗಳು ನಿಂತ ಗಾಡಿಯ ಎಂಜಿನ್ನಿಗೆ ಮೊದಲು ಸಿಗುವುದು ಎಣ್ಣೆಯಿಲ್ಲದ ನೀರು ಬೆರೆತ ದ್ರವ. ಜಾವಾದ ನಲ್ಲಿಯಲ್ಲಿದ್ದದ್ದು ಕಾರ್ಕಿನ ವಾಶರು, ಪೈಪು ಹಳೆಯ ಬಗೆಯ ರಬ್ಬರು. ಎರಡಕ್ಕೂ ಈ ಇಂಧನ ಒಗ್ಗುವುದಿಲ್ಲ. ಹೊಸ ವಾಹನಗಳು ಇದಕ್ಕೆ ತಕ್ಕ ರಬ್ಬರು, ಪ್ಲಾಸ್ಟಿಕ್ಕಿನೊಡನೆ ಬರುತ್ತವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಹಳೆಯದಕ್ಕೆ ಪೈಪು, ವಾಶರು ಬದಲಿಸಿ, ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿದರೆ ಓಡಿಸುವಾಗ ಹೆಚ್ಚು ಸಮಸ್ಯೆಯಿಲ್ಲ. ನಿಲ್ಲಿಸುವಾಗ ಮಾತ್ರ ಟ್ಯಾಂಕು, ಕಾರ್ಬೊರೇಟರು ಎರಡನ್ನೂ ಖಾಲಿ ಮಾಡದೆ ಗತಿಯಿಲ್ಲ. ಟ್ಯಾಂಕಿನ ಒಳಗೆ ಎಪಾಕ್ಸಿ ಬಳಿಯುವುದು ಇತ್ತೀಚಿನ ರೂಢಿ. ತುಕ್ಕನ್ನು ಬುಡಮಟ್ಟ ತೆಗೆಯದೆ ಬಳಿದರೆ ಅದು ಸಿಪ್ಪೆಸಿಪ್ಪೆಯಾಗಿ ಎದ್ದು ನಲ್ಲಿಗೆ ಅಡರುತ್ತದೆ, ತುಕ್ಕಿಗಿಂತ ದೊಡ್ಡ ತಲೆನೋವು.

ವಿದ್ಯುತ್ತಿನ ಕಡೆ ಒಂದೇ ಉದಾಹರಣೆ ಸಾಕು. 6 ವೋಲ್ಟಿನ ಹಳೆಯ ಡೈನಮೋ ಕರೆಂಟು ಹುಟ್ಟಿಸಲು ಅದರ ಕಬ್ಬಿಣದಲ್ಲಿ ಒಂದಿಷ್ಟು ಅಯಸ್ಕಾಂತ ಗುಣ ಉಳಿದಿರಬೇಕು. ವರ್ಷಗಟ್ಟಲೆ ನಿಂತರೆ ಅದು ಕುಂದುತ್ತದೆ. ಆಗ ಕಾಯಿಲು, ಬ್ರಷ್ಷು ಎಲ್ಲ ಸರಿಯಿದ್ದರೂ ಚಾರ್ಜಿಂಗ್ ಇರುವುದಿಲ್ಲ. ಬ್ಯಾಟರಿಯಿಂದ ಫೀಲ್ಡ್ ಕಾಯಿಲಿಗೆ ಸರಿಯಾದ ದಿಕ್ಕಿನಲ್ಲಿ ಒಂದು ಕ್ಷಣ ಕರೆಂಟು ಮುಟ್ಟಿಸಿದರೆ ಮತ್ತೆ ಎದ್ದು ಕೂರುತ್ತದೆ. ಇದನ್ನು ತಿಳಿಯದೆ ಡೈನಮೋ ಸತ್ತಿದೆ ಎಂದು ಕಿತ್ತೆಸೆದು 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ಟು ಹಾಕಿಸಿಕೊಂಡ ಗಾಡಿಗಳು ಕಡಿಮೆಯೇನಿಲ್ಲ. ಕಿಟ್ಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ರಾತ್ರಿ ಪ್ರಯಾಣಕ್ಕೆ ಅದೇ ಮೇಲು.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಹಳೆಯ ಮಿಸ್ತ್ರಿಗಳ ಅನುಭವವನ್ನು ಹೀಗೆ ಸವೆತದ ವಿದ್ಯೆ ಎಂದು ಬದಿಗಿಡುವುದು ಕೃತಘ್ನತೆಯಲ್ಲವೇ? ಕಾರ್ಖಾನೆಯಲ್ಲಿ ಪಳಗಿದ ಕೈಗಳು, ಅವರಿಂದ ಕಲಿತ ಹುಡುಗರು ಇಲ್ಲದೆ ಹೋಗಿದ್ದರೆ ಇವತ್ತು ಮೈಸೂರಿನ ಬೀದಿಯಲ್ಲಿ ಒಂದೂ ಜಾವಾ ಓಡುತ್ತಿರಲಿಲ್ಲವಲ್ಲ? ಮಾತು ಸರಿ. ಕೆಲವು ಕೆಲಸಗಳಿಗೆ ಆ ಕೈಯೇ ಬೇಕು. ಜಾವಾದ ಕ್ರ್ಯಾಂಕು ಒಂದೇ ತುಂಡಲ್ಲ. ಎರಡು ಫ್ಲೈವೀಲುಗಳ ನಡುವೆ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದು. ಹೊಸ ಕನೆಕ್ಟಿಂಗ್ ರಾಡು ಹಾಕಬೇಕಾದರೆ ಅದನ್ನು ಬಿಡಿಸಿ, ಮತ್ತೆ ಒತ್ತಿ, ವಿ ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಡಿ ತಿರುಗಿಸುತ್ತ, ತಾಮ್ರದ ಸುತ್ತಿಗೆಯಿಂದ ಇಲ್ಲೊಂದು ಅಲ್ಲೊಂದು ಪೆಟ್ಟು ಕೊಟ್ಟು ಮಿಲಿಮೀಟರಿನ ನೂರನೇ ಒಂದೆರಡು ಭಾಗಕ್ಕೆ ತರಬೇಕು. ಎಲ್ಲಿಗೆ ಎಷ್ಟು ಪೆಟ್ಟು ಎನ್ನುವುದನ್ನು ಗೇಜು ಹೇಳುವುದಿಲ್ಲ, ಆಟೋ ಕ್ಲಚ್ಚಿನ ಹೊಂದಾಣಿಕೆಯನ್ನು ಪುಸ್ತಕ ಓದಿ ಮಾಡಲಾಗುವುದಿಲ್ಲ. ಇದನ್ನೆಲ್ಲ ಒಪ್ಪುತ್ತಲೇ ನಾನು ಹೇಳುವುದು ಇಷ್ಟು: ಆ ವಿದ್ಯೆಗೆ ತುರ್ತು ಒಂದು ಗುಣವಾಗಿತ್ತು. ಬೆಳಿಗ್ಗೆ ತಂದ ಗಾಡಿ ಸಂಜೆಗೆ ಬೇಕು, ಅದರ ಮೇಲೆ ಹಾಲಿನ ಕ್ಯಾನೋ ಸಂಸಾರವೋ ಹೋಗಬೇಕು. ಕಿಕ್ ಹೊಡೆದು ನೋಡು, ಸದ್ದು ಕೇಳು, ಸವೆದದ್ದನ್ನು ಬದಲಿಸು, ಕಳಿಸು. ಇದೇ ತುರ್ತು ನಿಂತ ಗಾಡಿಯ ಮುಂದೆ ದೋಷವಾಗುತ್ತದೆ. ಅನುಭವಿಗಳಲ್ಲಿ ಕೆಲವರು ಇದನ್ನು ಕಂಡುಕೊಂಡು ತಮ್ಮ ರೀತಿ ಬದಲಿಸಿಕೊಂಡರು, ಅವರ ಮುಂದೆ ಈಗ ಗಾಡಿಗಳ ಸಾಲು ಇದೆ. ಬದಲಿಸಿಕೊಳ್ಳದವರು ಈಗಲೂ ಮೊದಲು ಕಿಕ್ಕರಿನ ಮೇಲೆ ಕಾಲಿಡುತ್ತಾರೆ.

ಮೂರನೆಯ ಮಾತು ಹಣವುಳ್ಳವರದ್ದು. ಇಷ್ಟೆಲ್ಲ ಪರೀಕ್ಷೆ ಯಾಕೆ, ನಟ್ಟು ಬೋಲ್ಟಿನವರೆಗೆ ಬಿಚ್ಚಿ, ಎಲ್ಲ ಹೊಸದು ಹಾಕಿ, ಪೇಂಟು ಕ್ರೋಮು ಮಾಡಿಸಿದರೆ ಕಾರ್ಖಾನೆಯಿಂದ ಬಂದಂತಾಗುತ್ತದಲ್ಲ? ಕಳೆದ ಎರಡು ದಶಕದಲ್ಲಿ ಗ್ಯಾರೇಜುಗಳ ಆದಾಯವನ್ನು ಬದಲಿಸಿದ್ದು ಈ ಪದ್ಧತಿಯೇ. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ನಡೆಯುವ ಜಾವಾ ಯೆಜ್ಡಿ ದಿನಕ್ಕೆ ಸಾಲಾಗಿ ನಿಲ್ಲುವ ಗಾಡಿಗಳನ್ನು ನೋಡಿದರೆ ಕಣ್ಣು ತಣಿಯುತ್ತದೆ, ಸುಳ್ಳಲ್ಲ. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಗಳ ಮೇಲೆ ಮರಳಿ ಬಂದ ಮೇಲೆ ಹಳೆಯದರ ಬೆಲೆಯೂ ಏರಿತು. ಆದರೆ ಬಿಚ್ಚಿದ ಗಾಡಿಯಿಂದ ಹೊರಬಂದದ್ದು ಏನು, ಒಳಗೆ ಹೋದದ್ದು ಏನು ಎಂದು ನೋಡಬೇಕು. ಮೂಲ ಎರಕದ, ನಾಲ್ಕು ದಶಕ ತಡೆದ ಭಾಗ ಗುಜರಿಗೆ ಹೋಗಿ, ಅದರ ಜಾಗಕ್ಕೆ ಅಳತೆ ಸರಿಯಿಲ್ಲದ ನಕಲಿ ಸ್ಪ್ರಾಕೆಟು, ಮೂರು ಮಳೆಗಾಲ ತಡೆಯದ ತೆಳು ಕ್ರೋಮು ಬಂದು ಕೂರುತ್ತದೆ. ಕೇಸನ್ನು ಬೇರಿಂಗಿನ ಸಮೇತ ಮರಳು ಬ್ಲಾಸ್ಟಿಂಗಿಗೆ ಕೊಟ್ಟರೆ ಸಣ್ಣ ಕಣಗಳು ಒಳಗಿನ ತೂತುಗಳಲ್ಲಿ ಉಳಿದು ಮೊದಲ ನೂರು ಕಿಲೋಮೀಟರಿನಲ್ಲೇ ಬೇರಿಂಗು ತಿನ್ನುತ್ತವೆ. ಇಷ್ಟು ಮಾಡಿಯೂ ಗಾಡಿ ಹೋಗುವುದೆಲ್ಲಿಗೆ? ಪೋರ್ಟಿಕೋದಲ್ಲಿ ಬಟ್ಟೆ ಹೊದ್ದು ನಿಲ್ಲಲು. ಗೀರು ಬಿದ್ದೀತೆಂದು ಯಾರೂ ತೆಗೆಯುವುದಿಲ್ಲ, ಹೊಸ ಸೀಲು ಒಣಗಲು ಶುರುವಾಗುತ್ತದೆ. ಐವತ್ತು ವರ್ಷ ದಾಟಿದ ವಾಹನಗಳಿಗೆಂದು 2021ರಲ್ಲಿ ಕೇಂದ್ರ ತಂದ ವಿಂಟೇಜ್ ನೋಂದಣಿಯೂ ಪ್ರದರ್ಶನ, ರ‍್ಯಾಲಿ, ಪೆಟ್ರೋಲು ಮತ್ತು ರಿಪೇರಿಯಂಥ ಓಡಾಟಕ್ಕಷ್ಟೇ ಅವಕಾಶ ಕೊಡುತ್ತದೆ, ದಿನನಿತ್ಯದ ಸವಾರಿಗಲ್ಲ. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ ಕೊಟ್ಟು ಕಡಿಮೆ ಓಡಿಸುವ ಹಕ್ಕನ್ನು ಪಡೆಯುವುದಕ್ಕಿಂತ, ಐದೈದು ವರ್ಷಕ್ಕೊಮ್ಮೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಂಡು ವಾರಕ್ಕೊಮ್ಮೆ ಇಪ್ಪತ್ತು ಕಿಲೋಮೀಟರು ಓಡಿಸುವುದು ಎಂಜಿನ್ನಿನ ಮಟ್ಟಿಗೆ ಒಳ್ಳೆಯದು. ಟೂ ಸ್ಟ್ರೋಕ್ ಹೊಗೆಯ ಬಗ್ಗೆ ದೂರುವವರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸುಡದ ಪೆಟ್ರೋಲು ಎಕ್ಸಾಸ್ಟಿನಿಂದ ನೇರ ಹೊರಬೀಳುವುದು ಆ ವಿನ್ಯಾಸದಲ್ಲೇ ಇದೆ. ಒಳ್ಳೆಯ ಎಣ್ಣೆ, ಸರಿಯಾದ ಸೀಲು, ಸರಿಯಾದ ಟೈಮಿಂಗಿನಿಂದ ಹೊಗೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಪಾರ್ಟ್ಸ್ ಸಿಗುವುದಿಲ್ಲ ಎಂಬ ದೂರಿಗೆ ಕೊನೆಯಲ್ಲಿ ಬರಬೇಕಾಯಿತು, ಏಕೆಂದರೆ ಅದಕ್ಕೆ ಉತ್ತರ ಚಿಕ್ಕದು. ಬೇರಿಂಗುಗಳು ಜಗತ್ತಿನ ಮಾಮೂಲಿ ಅಳತೆಯವು, ಅಂಗಡಿಯಲ್ಲಿ ನಂಬರು ಹೇಳಿದರೆ ಕೊಡುತ್ತಾರೆ. ಸೀಲುಗಳನ್ನು ಅಳತೆ ಹಿಡಿದು ಇನ್ನೂ ಉತ್ತಮ ರಬ್ಬರಿನಲ್ಲಿ ಕೊಳ್ಳಬಹುದು. ಪಿಸ್ಟನ್ನು, ರಿಂಗು, ಕೇಬಲ್ಲು, ಗ್ಯಾಸ್ಕೆಟ್ಟು ಹೊಸದಾಗಿ ತಯಾರಾಗುತ್ತಲೇ ಇವೆ, ಗುಣಮಟ್ಟ ನೋಡಿ ಆರಿಸಬೇಕು ಅಷ್ಟೇ. ನಿಜವಾದ ಕೊರತೆ ಕಾಣುವುದು ಗ್ಯಾರೇಜಿನ ಬಿಲ್ಲಿನಲ್ಲಿ. ಆ ಬಿಲ್ಲಿಗೆ ಇಂದಿಗೂ ಎರಡೇ ಭಾಗ: ಸಾಮಾನಿನ ಬೆಲೆ, ಕೂಲಿ. ಕ್ರೋಮಿಗೆ, ಪೇಂಟಿಗೆ ಗಿರಾಕಿ ಚೌಕಾಸಿ ಮಾಡದೆ ಹಣ ಎಣಿಸುತ್ತಾನೆ. ಸಿಲಿಂಡರಿಗೆ ಎಣ್ಣೆ ಬಿಟ್ಟು ಹದಿನೈದು ದಿನ ಮುಟ್ಟದೆ ಇಟ್ಟದ್ದಕ್ಕೆ, ಸೀಲು ಪರೀಕ್ಷಿಸಿ ಸರಿಯಿದೆ ಎಂದು ಬದಲಿಸದೆ ಬಿಟ್ಟದ್ದಕ್ಕೆ ಹಣ ಕೇಳಿದರೆ, ನೀನು ಏನನ್ನೂ ಹಾಕಿಲ್ಲವಲ್ಲ ಎನ್ನುತ್ತಾನೆ. ಹಾಗಾಗಿ ಒಳ್ಳೆಯ ಮೆಕ್ಯಾನಿಕ್ಕು ಕೂಡ ಬದುಕಬೇಕಾದ್ದರಿಂದ ಬದಲಿಸಬೇಕಿಲ್ಲದ ಪಿಸ್ಟನ್ನನ್ನು ಬದಲಿಸುತ್ತಾನೆ. ಮೈಸೂರು, ಬೆಂಗಳೂರಿನ ಕೆಲವು ಗ್ಯಾರೇಜುಗಳು ಈಗ ಗಾಡಿ ಒಳಗೆ ತೆಗೆದುಕೊಳ್ಳುವಾಗಲೇ ತಪಾಸಣೆಗೆಂದು ಪ್ರತ್ಯೇಕ ಹಣ ಕಟ್ಟಿಸಿಕೊಳ್ಳುತ್ತಿವೆ, ಮಳೆಗಾಲಕ್ಕೆ ಮುಂಚೆ ಟ್ಯಾಂಕು ಖಾಲಿ ಮಾಡಿ, ಎಂಜಿನ್ನಿಗೆ ಎಣ್ಣೆ ಕುಡಿಸಿ, ಪೋರ್ಟು ಮುಚ್ಚುವಂತೆ ಪಿಸ್ಟನ್ ಮೇಲೆ ತಂದು ನಿಲ್ಲಿಸಿಕೊಡುವ ಕೆಲಸವನ್ನೂ ಒಪ್ಪಿಕೊಳ್ಳುತ್ತಿವೆ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ದರ ಕೇಳಿ ಎದ್ದು ಹೋಗುತ್ತಾರೆ. ಉಳಿದವರ ಗಾಡಿಗಳು ಅಕ್ಟೋಬರಿನಲ್ಲಿ ತಕರಾರಿಲ್ಲದೆ ಸ್ಟಾರ್ಟ್ ಆಗುತ್ತಿವೆ.